ಖಾಲಿ ಹೋಲ್ಡರ್

ನನ್ನ ಕೆಲಸ ನೆರಳನ್ನು ಅಳೆಯುವುದು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಮೂಲೆಯಲ್ಲಿ, ಎರಡು ಪದರದ ಕಪ್ಪು ಪರದೆಯ ಹಿಂದೆ ಒಂದು ಕೋಣೆಯಿದೆ. ಎಂಟಡಿ ಉದ್ದ, ಆರಡಿ ಅಗಲ. ಒಳಗೆ ಪ್ರೊಫೈಲ್ ಪ್ರೊಜೆಕ್ಟರ್ ಎಂಬ ಯಂತ್ರ. ಲೇತಿನಲ್ಲಿ ಕಡೆದ ಪಿನ್ನನ್ನು ಅದರ ಗಾಜಿನ ಮೇಲಿಟ್ಟರೆ ಕೆಳಗಿನಿಂದ ಬೆಳಕು ಬೀಳುತ್ತದೆ, ಎದುರಿನ ದುಂಡು ತೆರೆಯ ಮೇಲೆ ಪಿನ್ನಿನ ನೆರಳು ಹತ್ತು ಪಟ್ಟು ದೊಡ್ಡದಾಗಿ ಮೂಡುತ್ತದೆ. ನಾನು ನೋಡುವುದು ಪಿನ್ನನ್ನಲ್ಲ. ಬೆಳಕು ಎಲ್ಲಿ ಮುಗಿದು ಕತ್ತಲು ಎಲ್ಲಿ ಶುರುವಾಯಿತು ಎಂಬ ಗೆರೆಯನ್ನು. ಆ ಗೆರೆ ಕೂದಲೆಳೆಯಷ್ಟು ಆಚೀಚೆ ಇದ್ದರೂ ಪಿನ್ನು ರಿಜೆಕ್ಟ್.

ಆ ಪರದೆಯಿಂದ ಹದಿನೈದು ಹೆಜ್ಜೆ ದೂರದಲ್ಲಿ ನನ್ನ ಗಂಡ ತೀರಿಕೊಂಡರು. ಅವರು ಅಲ್ಲಿಯೇ ಲೇತು ಓಡಿಸುವ ಟರ್ನರ್ ಆಗಿದ್ದರು. ಓಡುತ್ತಿದ್ದ ಲೇತಿಗೆ ಕೈ ಹಾಕಿದರು. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದವರು ಓಡುವ ಲೇತಿಗೆ ಕೈ ಹಾಕುವುದಿಲ್ಲ. ಆದರೂ ಕಾರ್ಖಾನೆಯಿಂದ ಹೋದ ವರದಿಯಲ್ಲಿ ‘ಕೆಲಸಗಾರನ ಅಜಾಗರೂಕತೆ’ ಎಂದು ಬರೆದಿತ್ತು. ಆ ಮಾತನ್ನು ಅಳಿಸಬೇಕಾದರೆ ಆ ದಿನ ಅವರ ಮಷಿನ್ನಿನ ಮೇಲೆ ಯಾವ ವಸ್ತು ಇರಲಿಲ್ಲ ಎಂದು ನಾನು ಹೇಳಬೇಕಿತ್ತು. ಅದು ಯಾಕೆ ಇರಲಿಲ್ಲ ಎಂದೂ ಹೇಳಬೇಕಿತ್ತು.

ಕತ್ತಲಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಕೋಣೆಯಲ್ಲಿ ಕಲಿತದ್ದು. ಬೆಳಿಗ್ಗೆ ಪರದೆ ಸರಿಸಿ ಒಳಗೆ ಹೋದಾಗ ಮೊದಲು ಏನೂ ಕಾಣುವುದಿಲ್ಲ. ಐದು ನಿಮಿಷಕ್ಕೆ ಮೇಜಿನ ಅಂಚು ಕಾಣುತ್ತದೆ. ಆಮೇಲೆ ನನ್ನ ಬೆರಳು. ಅರ್ಧ ಗಂಟೆಯ ಹೊತ್ತಿಗೆ ಗೋಡೆಯ ಮೇಲಿನ ಕ್ಯಾಲೆಂಡರು ಕೂಡ. ಕತ್ತಲು ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ, ಕಣ್ಣು ಬದಲಾಗಿರುತ್ತದೆ. ಹಾಗೆ ಬದಲಾದ ಕಣ್ಣಿಗೆ ಮಾತ್ರ ನೆರಳಿನ ಅಂಚು ಚೂಪಾಗಿ ಕಾಣುತ್ತದೆ. ಒಂದು ಸಲ ಹೊರಗೆ ಹೋಗಿಬಂದರೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ ನಾನು ಊಟಕ್ಕೆ, ಟೀಗೆ ಬಿಟ್ಟರೆ ಹೊರಗೆ ಬರುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಗಂಡ ನನ್ನನ್ನು ಮೇಡಂ ಎಂದು ಕರೆಯುತ್ತಿದ್ದರು. ಅವರು ಕಡೆದ ಪೀಸು ನಾನು ರಿಜೆಕ್ಟ್ ಮಾಡಿದ ದಿನ ಪರದೆಯ ಹೊರಗೆ ಬಂದು ನಿಲ್ಲುತ್ತಿದ್ದರು. ಎಲ್ಲರಿಗೂ ಕೇಳುವ ಹಾಗೆ, “ಮೇಡಂ, ನೀವು ಮಾಡೋ ಸಾರಲ್ಲಿ ಉಪ್ಪು ಜಾಸ್ತಿ ಆದಾಗ ನಾನು ಯಾವತ್ತಾದ್ರೂ ರಿಜೆಕ್ಟ್ ಮಾಡಿದೀನಾ?” ಎನ್ನುತ್ತಿದ್ದರು. ಹುಡುಗರು ನಗುತ್ತಿದ್ದರು. ನಾನು ಒಳಗಿನಿಂದಲೇ ಪೀಸನ್ನು ಟ್ರೇಯಲ್ಲಿಟ್ಟು ಹೊರಗೆ ತಳ್ಳುತ್ತಿದ್ದೆ. ಸಂಜೆ ಇಬ್ಬರೂ ಒಂದೇ ಗಾಡಿಯಲ್ಲಿ ಲಗ್ಗೆರೆಗೆ ಹೋಗುತ್ತಿದ್ದೆವು. ಮನೆಯಲ್ಲಿ ನಾವು ಮೂವರು: ಅವರು, ನಾನು, ಅವರ ತಾಯಿ.

ಅವರ ಲೇತಿಗೆ ಒಂದು ಗುಂಡು ಬಲ್ಬಿತ್ತು. ಬಗ್ಗುವ ಕೊಳವೆಯ ತುದಿಯಲ್ಲಿ ಹೋಲ್ಡರು, ಅದಕ್ಕೊಂದು ತಗಡಿನ ಟೋಪಿ, ಹಳದಿ ಬೆಳಕು. ಹಿಂದೆ ಎಲ್ಲ ಲೇತಿಗೂ ಇತ್ತು. ಅವರಿಗೆ ಕೆಲಸ ಕಲಿಸಿದ ಹಿರಿಯ ಟರ್ನರೊಬ್ಬರು ಬಲ್ಬು ಹಾಕದೆ ಮಷಿನ್ನಿಗೆ ಕೈ ಇಡಗೊಡುತ್ತಿರಲಿಲ್ಲವಂತೆ. ಮರೆತರೆ ಸ್ಪ್ಯಾನರಿನಿಂದ ಗೆಣ್ಣಿಗೆ ಕುಟ್ಟುತ್ತಿದ್ದರಂತೆ. ಮೊದಲು ಬಲ್ಬಿನ ಸ್ವಿಚ್ಚು, ಆಮೇಲೆ ಹಣೆಗೆ ಕೈ, ಆಮೇಲೆ ಮೋಟಾರು. ಯಾಕೆ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ದೇವರಿಗೆ ದೀಪ ಹಚ್ಚಿದ ಹಾಗೆ ಎಂದು ಇವರು ತಿಳಿದುಕೊಂಡಿದ್ದರು. ನಾನೂ ಹಾಗೇ ತಿಳಿದಿದ್ದೆ. ಆಯುಧಪೂಜೆಯ ದಿನ ಮಷಿನ್ನಿಗೆ ಕುಂಕುಮ ಇಟ್ಟ ಮೇಲೆ ಆ ತಗಡಿನ ಟೋಪಿಗೂ ಒಂದು ಚೆಂಡುಹೂ ಸಿಕ್ಕಿಸುತ್ತಿದ್ದರು. ಬಲ್ಬಿನ ಬಿಸಿಗೆ ಅದು ಮಧ್ಯಾಹ್ನದೊಳಗೆ ಬಾಡುತ್ತಿತ್ತು.

ಅವರು ಹೋಗುವುದಕ್ಕೆ ಕೆಲವು ತಿಂಗಳ ಮುಂಚೆ ಓನರ್ ಶೆಡ್ಡಿಗೆಲ್ಲ ಹೊಸ ಎಲ್‌ಇಡಿ ಟ್ಯೂಬುಗಳನ್ನು ಹಾಕಿಸಿದರು. ಅಗ್ಗದ ಮಾಲು, ಆದರೆ ಬೆಳಕು ಮಾತ್ರ ಆಸ್ಪತ್ರೆಯ ಹಾಗೆ. ನೆಲದ ಮೇಲೆ ಬಿದ್ದ ಸಣ್ಣ ಸ್ಕ್ರೂ ಕೂಡ ಕಾಣುತ್ತಿತ್ತು. ಎಲ್ಲರಿಗೂ ಖುಷಿ. ಲೇತುಗಳ ಗುಂಡು ಬಲ್ಬು ಒಂದೊಂದೇ ಸುಟ್ಟುಹೋದವು. ಯಾರೂ ಬದಲಾಯಿಸಲಿಲ್ಲ, ಸ್ಟೋರಿನಲ್ಲಿ ತರಿಸುವುದನ್ನೂ ನಿಲ್ಲಿಸಿದರು. ಉಳಿದ ಟ್ಯೂಬುಗಳನ್ನು ಓನರ್ ಕೆಲಸದವರಿಗೇ ಹಂಚಿದರು. ನಮಗೆ ಬಂದದ್ದನ್ನು ಇವರು ಅಡುಗೆಮನೆಗೆ ಹಾಕಿದರು. ಅಷ್ಟು ಬೆಳಕಿನಲ್ಲಿ ಸಾಸಿವೆ ಡಬ್ಬಿಯ ಜಿಡ್ಡು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು.

ಕಾರ್ಖಾನೆಯಲ್ಲಿ ಗುಂಡು ಬಲ್ಬು ಉಳಿದದ್ದು ಎರಡೇ ಕಡೆ. ಅವರ ಲೇತಿನ ಮೇಲೆ, ಮತ್ತು ನನ್ನ ಕೋಣೆಯಲ್ಲಿ, ರಿಪೋರ್ಟ್ ಬರೆಯುವ ಮೇಜಿನ ಮೂಲೆಯಲ್ಲಿ. ನನ್ನದಕ್ಕೆ ಮಂದ ಬೆಳಕೇ ಬೇಕು. ಎಲ್‌ಇಡಿ ಹಾಕಿದರೆ ಕೋಣೆಯೆಲ್ಲ ಬೆಳ್ಳಗಾಗಿ ತೆರೆಯ ಮೇಲಿನ ನೆರಳು ತೆಳುವಾಗುತ್ತದೆ.

ಆ ದಿನ ಬೆಳಿಗ್ಗೆ ನನ್ನ ಬಲ್ಬು ಸುಟ್ಟಿತು.

ಸ್ಟೋರಿನಲ್ಲಿ ಇರಲಿಲ್ಲ. ಇನ್ನೂರು ಪಿನ್ನು ಸಂಜೆಯೊಳಗೆ ಹೋಗಬೇಕಿತ್ತು. ಹತ್ತು ಗಂಟೆಯ ಟೀ ಹೊತ್ತಿಗೆ ನಾನು ಅವರ ಹತ್ತಿರ ಹೋದೆ. ಪಕ್ಕದ ಲೇತಿನವನು ರಜೆಯಲ್ಲಿದ್ದ, ಆ ದಿನ ಎರಡು ಮಷಿನ್ನನ್ನೂ ಇವರೇ ನೋಡಿಕೊಳ್ಳುತ್ತಿದ್ದರು. ಒಂದನ್ನು ನಿಲ್ಲಿಸಿ ಪೀಸು ತೆಗೆದು ಹಾಕುವ ಹೊತ್ತಿನಲ್ಲಿ ಇನ್ನೊಂದು ಓಡುತ್ತಿರುತ್ತದೆ.

“ರೀ, ನಿಮ್ ಬಲ್ಬ್ ಕೊಡಿ, ಇವತ್ತೊಂದಿನ. ಮೇಲೆ ಇಷ್ಟೊಂದ್ ಲೈಟಿದೆ, ನಿಮಗೇನ್ ಕಾಣಲ್ವಾ?” ಎಂದೆ.

ಅವರು ಬಲ್ಬನ್ನು ನೋಡಿದರು, ನನ್ನನ್ನು ನೋಡಿದರು. ಒಂದು ಕ್ಷಣ ತಡೆದದ್ದು ನನಗೆ ಈಗಲೂ ನೆನಪಿದೆ. ಆಮೇಲೆ ಎಣ್ಣೆ ಒರೆಸುವ ಬಟ್ಟೆ ಸುತ್ತಿ ಬಿಚ್ಚಿಕೊಟ್ಟರು. “ಬಿಸಿ ಇದೆ ಮೇಡಂ, ಹುಷಾರು,” ಎಂದರು. ಬಟ್ಟೆಯೊಳಗಿನ ಬಿಸಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಾನು ಪರದೆಯವರೆಗೂ ನಡೆದೆ. ಅಲ್ಲಿಂದ ತಿರುಗಿ ನೋಡಿದೆ. ಅವರು ಖಾಲಿ ಹೋಲ್ಡರಿನ ಸ್ವಿಚ್ಚು ಒತ್ತಿದರು, ಹಣೆಗೆ ಕೈ ಮುಟ್ಟಿಸಿದರು, ಮಷಿನ್ನು ಹಾಕಿದರು. ಅಭ್ಯಾಸ. ನನಗೆ ನಗು ಬಂತು.

ಊಟವಾದ ಮೇಲೆ, ಎರಡೂವರೆ ಇರಬೇಕು, ಅವರು ಪರದೆಯ ಹೊರಗೆ ಬಂದು ನಿಂತರು. ಒಳಗಿದ್ದ ನನಗೆ ಕಂಡದ್ದು ಪರದೆಯ ಕೆಳಗಿನ ಅವರ ಬೂಟು ಮಾತ್ರ.

“ಮೇಡಂ, ಬಲ್ಬ್ ಹೋದ್ಮೇಲೆ ನಮ್ ಚಕ್ ತಮಾಷೆ ಮಾಡ್ತಾ ಇದೆ. ಹಿಂದಕ್ ತಿರುಗುತ್ತೆ. ಒಂದೊಂದ್ಸಲ ನಿಂತಂಗೇ ಕಾಣುತ್ತೆ. ಬಾ, ನೋಡು ಬಾ.”

ಚಕ್ ಎಂದರೆ ಲೇತಿನಲ್ಲಿ ಪೀಸನ್ನು ಹಿಡಿದು ತಿರುಗಿಸುವ ಉಕ್ಕಿನ ಭಾಗ. ಅದಕ್ಕೆ ಮೂರು ಹಲ್ಲು. ನಾನು ಎದ್ದು ಹೋಗಲಿಲ್ಲ. ಕಣ್ಣು ಕತ್ತಲಿಗೆ ಹೊಂದಿದೆ, ಈಗ ಹೊರಗೆ ಬಂದರೆ ಇನ್ನರ್ಧ ಗಂಟೆ ಹಾಳು, ಸಂಜೆ ನೋಡುತ್ತೇನೆ ಎಂದೆ. ಬೂಟು ತಿರುಗಿತು.

ಸಂಜೆ ಆಗುವ ಮೊದಲೇ ಹೊರಗೆ ಮೋಡ ಕವಿಯಿತಂತೆ. ಶೆಡ್ಡಿನ ಛಾವಣಿಯಲ್ಲಿ ಅಲ್ಲಲ್ಲಿ ಬೆಳಕು ಬೀಳುವ ಶೀಟುಗಳಿದ್ದವು. ಅವು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿ, ಕಪ್ಪಾದವು ಎಂದು ಆಮೇಲೆ ಹುಡುಗರು ಹೇಳಿದರು. ಯಾರಿಗೂ ಅದು ಲೆಕ್ಕಕ್ಕೆ ಬರಲಿಲ್ಲ. ಟ್ಯೂಬುಗಳು ಉರಿಯುತ್ತಲೇ ಇದ್ದವು. ಮಳೆ ಬಂದರೆ ಬಟ್ಟೆ ಒಣಗುವುದಿಲ್ಲ ಎಂದು ಯಾರೋ ಗೊಣಗಿದರಂತೆ.

ನಾನು ಕೂಗು ಕೇಳಲಿಲ್ಲ. ಒಂದು ಮಷಿನ್ನಿನ ಸದ್ದು ಬದಲಾಯಿತು, ಭಾರವಾದದ್ದನ್ನು ಎಳೆಯುವ ಹಾಗೆ. ಆಮೇಲೆ ಯಾರೋ ಮೇನ್ ಸ್ವಿಚ್ಚು ಇಳಿಸಿದರು. ಲೇತುಗಳು ಒಂದೊಂದೇ ನಿಂತವು. ನನ್ನ ಪ್ರೊಜೆಕ್ಟರಿನ ದೀಪವೂ ಆರಿತು. ತೆರೆಯ ಮೇಲೆ ಆಗತಾನೇ ಕೂರಿಸಿದ್ದ ಪಿನ್ನಿನ ನೆರಳು ಇದ್ದಕ್ಕಿದ್ದಂತೆ ಇಲ್ಲವಾಯಿತು. ಬೆಳಕು ಹೋದರೆ ನೆರಳೂ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ಆದರೂ ಅದೇ ನನ್ನನ್ನು ಹೆದರಿಸಿತು. ನಾನು ಪರದೆ ತಳ್ಳಿ ಹೊರಗೆ ಬಂದೆ.

ಟ್ಯೂಬುಗಳ ಲೈನು ಬೇರೆ, ಅವು ಆರಿರಲಿಲ್ಲ. ಹೊರಗೆ ಬಂದ ನನಗೆ ಕಂಡದ್ದು ಬರೀ ಬಿಳಿ. ಮುಖದ ಮೇಲೆ ಸುಣ್ಣ ಎರಚಿದ ಹಾಗೆ. ಜನ ಓಡುವುದು ಕೇಳುತ್ತಿತ್ತು. “ಅಕ್ಕನ್ನ ಹಿಡ್ಕೊಳ್ರೋ, ಈ ಕಡೆ ಬಿಡ್ಬೇಡಿ,” ಎಂದು ಯಾರೋ ಹೇಳಿದರು. ಯಾವ ಕಡೆ ಎಂದು ನನಗೆ ತಿಳಿಯಲಿಲ್ಲ. ಶೆಡ್ಡಿನಲ್ಲಿದ್ದ ಎಲ್ಲರಿಗೂ ಕಾಣುತ್ತಿದ್ದದ್ದು ನನಗೊಬ್ಬಳಿಗೆ ಕಾಣುತ್ತಿರಲಿಲ್ಲ. ಬಿಳುಪು ಇಳಿದು ಆಕಾರಗಳು ಮೂಡುವ ಹೊತ್ತಿಗೆ ನನ್ನ ಮುಂದೆ ಸಾಲಾಗಿ ಬೆನ್ನುಗಳು ನಿಂತಿದ್ದವು. ನೀಲಿ ಯೂನಿಫಾರಂ ಬೆನ್ನುಗಳು. ಹದಿನೈದು ಹೆಜ್ಜೆ ದೂರದಲ್ಲಿದ್ದ ನಾನು ಏನನ್ನೂ ನೋಡಲಿಲ್ಲ.

ಅದು ಒಳ್ಳೆಯದಾಯಿತು ಎಂದು ಹಲವರು ಹೇಳಿದ್ದಾರೆ. ಇರಬಹುದು.

ಕಾರ್ಯಗಳೆಲ್ಲ ಮುಗಿದ ಮೇಲೆ ಓನರ್ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ನೆಲದ ಮೇಲೆಯೇ ಕೂತರು, ನೀರು ಕುಡಿದರು. ಕಾರ್ಖಾನೆಗಳ ಇಲಾಖೆಯಿಂದ ವಿಚಾರಣೆಗೆ ಒಬ್ಬರು ಬರುತ್ತಾರೆ, ಆಗಲೇ ಕಳಿಸಿದ ವರದಿಯೇ ಸಾಕು ಎಂದು ನೀನು ಹೇಳಿದರೆ ಬೇಗ ಮುಗಿಯುತ್ತದೆ ಎಂದರು. ವರದಿಯಲ್ಲಿ ಏನಿದೆ ಎಂದು ಕೇಳಿದೆ. ಹೇಳಿದರು. ಅವರು ಹಾಗಲ್ಲ ಸಾರ್, ಎಂದೆ. ಓನರ್ ಲೋಟ ಕೆಳಗಿಟ್ಟರು. ಆಮೇಲೆ ಒಳಗಿದ್ದ ಅತ್ತೆಗೆ ಕೇಳದ ಹಾಗೆ ದನಿ ತಗ್ಗಿಸಿದರು.

“ನೋಡಮ್ಮ, ಮಷಿನ್ ಮೇಲೆ ಬಲ್ಬ್ ಯಾಕಿರ್ಲಿಲ್ಲ ಅಂತ ಒಂದ್ಸಲ ಎದ್ರೆ, ಯಾರು ತೆಗೆದ್ರು ಅಂತ್ಲೂ ಏಳುತ್ತೆ. ನಾನು ಯಾರಿಗೂ ಹೇಳಿಲ್ಲ. ಅವ್ರಂತೂ ಹೋದ್ರು. ನೀನು ಈ ಮನೇಲಿ ಇನ್ನೂ ಇರ್ಬೇಕು.”

ಅಲ್ಲಿಯವರೆಗೆ ಬಲ್ಬಿಗೂ ಸಾವಿಗೂ ಸಂಬಂಧ ಇರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ. ಓನರಿಗೆ ಹೇಗೆ ಹೊಳೆಯಿತೋ. ಅವರು ಚಪ್ಪಲಿ ಹಾಕಿಕೊಂಡು ಹೋದ ಮೇಲೆ ಅತ್ತೆ ಒಳಗಿನಿಂದ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಮತ್ತೆ ಹೇಳಿದರು. “ನನ್ ಮಗ ಅಂತೋನಲ್ಲ. ಅವನ್ ಕಣ್ಗೆ ಅದೇನ್ ಕಂಡ್ತೋ.”

ಎರಡು ಮೂರು ದಿನ ಬಿಟ್ಟು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಲಗ್ಗೆರೆಯ ನಮ್ಮ ಮನೆಗೆ ಹಗಲಿನಲ್ಲೂ ಲೈಟು ಬೇಕು, ಮೂರು ಕಡೆಯೂ ಬೇರೆ ಮನೆಗಳ ಗೋಡೆ. ಸ್ಟೀಲಿನ ಸೌಟು ತೊಳೆದು ನೀರು ಕೊಡವಿದೆ. ಗಾಳಿಯಲ್ಲಿ ಏಳೆಂಟು ಸೌಟು ಕಂಡವು. ಬೀಸಿದ ಹಾದಿಯುದ್ದಕ್ಕೂ ಬಿಡಿಬಿಡಿಯಾಗಿ, ಒಂದೊಂದೂ ನಿಂತ ಹಾಗೆ. ಮತ್ತೆ ಬೀಸಿದೆ. ಮತ್ತೆ ಹಾಗೆಯೇ. ಬಚ್ಚಲಿನಲ್ಲಿ ಹಳೆಯ ಗುಂಡು ಬಲ್ಬಿತ್ತು. ಸೌಟು ಹಿಡಿದುಕೊಂಡು ಅಲ್ಲಿ ಹೋಗಿ ಬೀಸಿದೆ. ಅಲ್ಲಿ ಬಿಡಿ ಸೌಟುಗಳಿಲ್ಲ, ಉದ್ದಕ್ಕೂ ಎಳೆದ ಒಂದು ಬೂದು ಪಟ್ಟಿ ಮಾತ್ರ. ಅಡುಗೆಮನೆಗೆ ಬಂದರೆ ಮತ್ತೆ ಬಿಡಿಬಿಡಿ. ಎಷ್ಟು ಸಲ ಹಾಗೆ ಓಡಾಡಿದೆನೋ ಗೊತ್ತಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ಏನೋ ಆಗಿದೆ ಎಂದು ಅವರು ತಿಳಿದಿರಬೇಕು.

ಬಾ, ನೋಡು ಬಾ ಎಂದಿದ್ದರು. ನಿಂತಂಗೇ ಕಾಣುತ್ತೆ ಎಂದಿದ್ದರು.

ವಿಚಾರಣೆಗೆ ಕಾರ್ಖಾನೆಗೆ ಬಂದ ಅಧಿಕಾರಿ ಸಣಕಲು ಮನುಷ್ಯ, ಕಂಕುಳಲ್ಲಿ ಫೈಲು. ನಾನು ಸೌಟಿನ ವಿಷಯ ಹೇಳಿದಾಗ ಅವರು ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಟ್ಯೂಬಿನ ಕೆಳಗೆ ಅಲ್ಲಾಡಿಸಿ ನೋಡಿದರು. ಆಮೇಲೆ ಸಂಜೆಯವರೆಗೂ ಕಾರ್ಖಾನೆಯಲ್ಲೇ ಕೂತರು. ಛಾವಣಿಯ ಶೀಟುಗಳು ಕಪ್ಪಾದ ಮೇಲೆ ಆ ಲೇತನ್ನು ಓಡಿಸಲು ಹೇಳಿದರು. ಅದರ ಮೇಲೆ ಆವತ್ತಿನಿಂದ ಯಾರೂ ಕೆಲಸ ಮಾಡಿರಲಿಲ್ಲ. ಒಬ್ಬ ಹುಡುಗ ದೂರ ನಿಂತು ಹಾಕಿದ. ಅಧಿಕಾರಿ ಒಂದೊಂದೇ ಸ್ಪೀಡು ಬದಲಾಯಿಸಲು ಹೇಳುತ್ತಾ ಹೋದರು. ಒಂದರಲ್ಲಿ ಚಕ್ಕು ಮಸುಕಾಗಿ ತಿರುಗಿತು. ಇನ್ನೊಂದರಲ್ಲಿ ನಿಧಾನವಾಗಿ ಹಿಂದಕ್ಕೆ ಹೊರಳಿತು.

ಮತ್ತೊಂದರಲ್ಲಿ ನಿಂತಿತು.

ಮೋಟಾರಿನ ಸದ್ದು ಇತ್ತು. ಹತ್ತಿರ ನಿಂತವರ ಅಂಗಿಗೆ ಗಾಳಿ ತಾಗುತ್ತಿತ್ತು. ಆದರೆ ಮೂರು ಹಲ್ಲು ಮೂರು ಕಡೆ ಸುಮ್ಮನೆ ನಿಂತಿದ್ದವು. ಹಲ್ಲಿನ ಮೇಲೆ ಕೊರೆದ ನಂಬರು ಕೂಡ ಕಾಣುತ್ತಿತ್ತು, ಮೂರು ನಂಬರು ಒಂದರ ಮೇಲೊಂದು ಬಿದ್ದು ಕಲಸಿದ್ದವು, ಅಷ್ಟೇ. ಪಕ್ಕದ ಮಷಿನ್ನೂ ಓಡುತ್ತಿದ್ದರೆ ಸದ್ದಿನಿಂದಲೂ ಗೊತ್ತಾಗುತ್ತಿರಲಿಲ್ಲ ಎಂದು ನನಗೆ ಆಗ ಅನ್ನಿಸಿತು. ಎರಡರಲ್ಲಿ ಒಂದನ್ನು ನಿಲ್ಲಿಸಿ, ಇದನ್ನೇ ನಿಲ್ಲಿಸಿದೆ ಎಂದುಕೊಂಡು, ಒಮ್ಮೆ ಕಣ್ಣಿನಿಂದಲೂ ನೋಡಿ ಖಾತ್ರಿ ಮಾಡಿಕೊಂಡು ಕೈ ಚಾಚಿರಬಹುದು.

ಅಧಿಕಾರಿ ವಿವರಿಸಿದರು. ನಮ್ಮ ಲೈನಿನ ಕರೆಂಟು ಏರಿಳಿಯುತ್ತಲೇ ಇರುತ್ತದೆ. ಸೆಕೆಂಡಿಗೆ ನೂರು ಸಲ ಅದು ಇಲ್ಲವೇ ಇಲ್ಲ ಎನ್ನುವಷ್ಟು ಇಳಿಯುತ್ತದೆ. ಒಳ್ಳೆಯ ಎಲ್‌ಇಡಿ ಆ ಸಂದನ್ನು ತುಂಬಿಕೊಳ್ಳುತ್ತದೆ, ಇಂಥ ಅಗ್ಗದ್ದು ನೂರು ಸಲವೂ ಆರಿ ಹತ್ತುತ್ತದೆ. ಹಿಂದೆ ಟ್ಯೂಬುಗಳನ್ನು ಮೂರು ಲೈನಿಗೆ ಹಂಚುತ್ತಿದ್ದರು, ಒಂದು ಆರಿದಾಗ ಇನ್ನೊಂದು ಉರಿಯಲಿ ಎಂದು. ಇಲ್ಲಿ ಎಲ್ಲವನ್ನೂ ಒಂದೇ ಲೈನಿಗೆ ಕೊಟ್ಟಿದ್ದಾರೆ. ಆ ಕತ್ತಲಿನ ಸಂದಿನಲ್ಲಿ ಒಂದು ಹಲ್ಲು ಸರಿದು, ಮುಂಚೆ ಇನ್ನೊಂದು ಹಲ್ಲಿದ್ದ ಜಾಗಕ್ಕೆ ಸರಿಯಾಗಿ ಬಂದು ನಿಂತರೆ, ಏನೂ ಅಲ್ಲಾಡಿಲ್ಲ ಎಂದು ಕಣ್ಣು ಹೇಳುತ್ತದೆ. ಕತ್ತಲು ಅಷ್ಟು ಚಿಕ್ಕದಾದರೆ ಅದು ಕತ್ತಲೆಂದು ನಮಗೆ ತಿಳಿಯುವುದೇ ಇಲ್ಲ.

ನಾನು ಕೋಣೆಗೆ ಹೋಗಿ ಮೇಜಿನ ಬಲ್ಬನ್ನು ಬಿಚ್ಚಿಕೊಂಡು ಬಂದೆ. ಅದೇ ಬಲ್ಬು. ಖಾಲಿ ಹೋಲ್ಡರಿಗೆ ಹಾಕಿ ಸ್ವಿಚ್ಚು ಒತ್ತಿ, ಕೊಳವೆ ಬಗ್ಗಿಸಿ ಚಕ್ಕಿನ ಹತ್ತಿರ ತಂದೆ. ಹಳದಿ ಬೆಳಕು ಬಿದ್ದೊಡನೆ ನಿಂತಿದ್ದ ಹಲ್ಲುಗಳ ನಡುವೆ ಬೂದು ಬಣ್ಣ ತುಂಬಿಕೊಂಡಿತು. ಓಡುತ್ತಿರುವುದು ಓಡುತ್ತಿರುವಂತೆಯೇ ಕಂಡಿತು. ಗುಂಡು ಬಲ್ಬಿನ ತಂತಿ ಕಾದು ಉರಿಯುತ್ತದೆ, ಅಷ್ಟು ಸಣ್ಣ ಸಂದಿನಲ್ಲಿ ಅದು ತಣಿಯುವುದಿಲ್ಲ ಎಂದರು ಅಧಿಕಾರಿ. ಬಿಸಿಲಿಗಂತೂ ಸಂದೇ ಇಲ್ಲ. ಆ ದಿನ ಎರಡೂ ಇರಲಿಲ್ಲ. ಗೆಣ್ಣಿಗೆ ಕುಟ್ಟಿ ಕಲಿಸಿದ ಆ ಹಿರಿಯರಿಗೆ ಈ ಕಾರಣ ಗೊತ್ತಿತ್ತೋ, ಅವರಿಗೂ ಯಾರೋ ಕುಟ್ಟಿಯೇ ಕಲಿಸಿದ್ದರೋ.

“ಈ ಬಲ್ಬ್ ಆವತ್ತು ಇಲ್ಲಿರಲಿಲ್ವಾ?” ಎಂದು ಅಧಿಕಾರಿ ಓನರನ್ನು ಕೇಳಿದರು.

“ಇರ್ಲಿಲ್ಲ ಸಾರ್,” ಎಂದೆ.

“ಯಾರು ತೆಗೆದ್ರು?”

“ನಾನು.”

ಅವರು ಪೆನ್ನು ಎತ್ತಿ ನನ್ನನ್ನು ನೋಡಿದರು, ಯಾಕೆ ಎಂದು ಕೇಳಿದರು, ಹೇಳಿದ್ದನ್ನು ಬರೆದುಕೊಂಡರು. ಕೊನೆಗೆ ಬಂದ ಕಾಗದದಲ್ಲಿ ಅಜಾಗರೂಕತೆ ಎಂಬ ಮಾತಿಲ್ಲ. ದೀಪದ ವ್ಯವಸ್ಥೆಯ ದೋಷ ಎಂದಿದೆ. ಅದರ ಕೆಳಗೆ, ಮಷಿನ್ನಿನ ದೀಪವನ್ನು ಅದೇ ದಿನ ಬೆಳಿಗ್ಗೆ ಮೃತನ ಹೆಂಡತಿಯು ತನ್ನ ಕೆಲಸದ ಸಲುವಾಗಿ ತೆಗೆದುಕೊಂಡಿದ್ದರು ಎಂದೂ ಇದೆ. ಎರಡೂ ನಿಜ. ಅವರ ಕಣ್ಣಿಗೆ ನಿಜವಾಗಿ ಏನು ಕಂಡಿತು ಎಂಬುದು ಮಾತ್ರ ಯಾವ ಕಾಗದದಲ್ಲೂ ಇಲ್ಲ.

ಅದನ್ನು ನಾನು ಅತ್ತೆಗೆ ಓದಿ ಹೇಳಿದೆ. ಅವರಿಗೆ ಓದು ಬರದು, ಎರಡನೆಯ ವಾಕ್ಯ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅವರು ತಲೆಯೆತ್ತಿ ಅಡುಗೆಮನೆಯ ಟ್ಯೂಬನ್ನು ನೋಡಿದರು. ಅದನ್ನು ಹಾಕಿದ್ದು ಅವರ ಮಗನೇ.

“ನೀ ಕೇಳ್ದೆ, ಅವ್ನು ಕೊಟ್ಟ,” ಎಂದರು. ಅಷ್ಟೇ. ಅದು ಕ್ಷಮೆಯೋ ಆರೋಪವೋ ನನಗೆ ತಿಳಿಯಲಿಲ್ಲ. ಇವತ್ತಿಗೂ ಕೇಳಿಲ್ಲ. ನಾವಿಬ್ಬರೂ ಒಟ್ಟಿಗೇ ಇದ್ದೇವೆ. ಆ ಟ್ಯೂಬನ್ನು ಮಾತ್ರ ಅವರು ಮತ್ತೆ ಹಾಕಗೊಡುವುದಿಲ್ಲ.

ಟ್ಯೂಬುಗಳನ್ನು ಮೂರು ಲೈನಿಗೆ ಹಂಚಲು ಇಲಾಖೆಯವರು ಹೇಳಿ ಹೋದರು. ಅರ್ಧ ಆಗಿದೆ. ಮಿಕ್ಕದ್ದು ಮುಂದಿನ ತಿಂಗಳು ಎನ್ನುತ್ತಾರೆ. ನಾನು ಮತ್ತೆ ಕತ್ತಲ ಕೋಣೆಗೆ ಹೋಗುತ್ತಿದ್ದೇನೆ, ಬೇರೆ ಕೆಲಸ ಬರದು. ನನ್ನ ಮೇಜಿಗೆ ಈಗ ಬಲ್ಬಿಲ್ಲ, ಅದು ಅವರ ಲೇತಿನ ಮೇಲೇ ಉಳಿದಿದೆ. ಮೊಬೈಲಿಗೆ ಕರವಸ್ತ್ರ ಸುತ್ತಿ ಅದರ ಬೆಳಕಿನಲ್ಲಿ ಬರೆಯುತ್ತೇನೆ. ಗುಂಡು ಬಲ್ಬು ಬೇಕೆಂದರೆ ಲಗ್ಗೆರೆಯ ಅಂಗಡಿಗಳಲ್ಲಿ, “ಅದೆಲ್ಲ ಬರ್ತಾ ಇಲ್ಲ ಅಕ್ಕ,” ಎನ್ನುತ್ತಾರೆ. ಅಲ್ಲಿ ಇಲ್ಲಿ ಹುಡುಕಿ ಎರಡು ಸಿಕ್ಕವು. ಲೇತಿನದು ಸುಟ್ಟರೆ ಬೇಕಾಗುತ್ತದೆಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ.

ಅವರ ಲೇತಿಗೆ ರಾಯಚೂರು ಕಡೆಯ ಒಬ್ಬರು ಬಂದಿದ್ದಾರೆ. ನಲವತ್ತು ದಾಟಿದವರು, ಕೆಲಸ ಚೆನ್ನಾಗಿ ಬರುತ್ತದೆ. ಹಣೆಗೆ ಕೈ ಮುಟ್ಟಿಸುವ ಅಭ್ಯಾಸ ಇಲ್ಲ. ಬಲ್ಬು ಮುಖಕ್ಕೆ ಕಾವು ಹೊಡೆಯುತ್ತದೆಂದು ಆರಿಸಿಬಿಡುತ್ತಾರೆ. ಮೊದಲ ದಿನವೇ ನಾನು ಹೋಗಿ ಎಲ್ಲ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ಮೇಲೆ ನೋಡಿದರು.

“ಆತ್ರೀ ಅಕ್ಕಾರ. ಆದ್ರ ಇಷ್ಟ್ ಬೆಳಕ ಐತಲ್ರಿ.”

ಈಗ ಕೋಣೆಯೊಳಗೆ ಕೂತು ಅರ್ಧ ಗಂಟೆಗೆ ಕಣ್ಣು ಹೊಂದಿದ ಮೇಲೆ, ಪರದೆಯ ಕೆಳಗಿನ ಸಂದನ್ನು ನೋಡುತ್ತೇನೆ. ನೆಲದ ಮೇಲೆ ಟ್ಯೂಬಿನ ಬಿಳುಪಿನ ಜೊತೆ ಒಂದಿಷ್ಟು ಹಳದಿ ಇರುತ್ತದೆ. ಅದು ಹೋದದ್ದು ಕತ್ತಲಿಗೆ ಒಗ್ಗಿದ ನನ್ನ ಕಣ್ಣಿಗೆ ಕೂಡಲೇ ತಿಳಿಯುತ್ತದೆ. ಆಗ ಕೈಯಲ್ಲಿದ್ದ ಪಿನ್ನು ಕೆಳಗಿಟ್ಟು ಏಳುತ್ತೇನೆ. ಹೊರಗೆ ಬಂದರೆ ಮತ್ತೆ ಅದೇ ಬಿಳಿ, ಏನೂ ಕಾಣುವುದಿಲ್ಲ. ಕಣ್ಣು ತಿಳಿಯಾಗುವವರೆಗೆ ಕಾಯುವುದಿಲ್ಲ. ಹದಿನೈದು ಹೆಜ್ಜೆ ಎಣಿಸುತ್ತೇನೆ, ಕೈ ಚಾಚದೆ, ತೋಳುಗಳನ್ನು ಮೈಗೆ ಒತ್ತಿಕೊಂಡು. ನಿಂತು ಹೇಳುತ್ತೇನೆ, ಬಲ್ಬ್ ಹಾಕ್ರಿ ಅಣ್ಣ. ಸ್ವಿಚ್ಚಿನ ಸದ್ದು ಕೇಳುವವರೆಗೂ ಅಲ್ಲಿಂದ ಕದಲುವುದಿಲ್ಲ. ನಿನ್ನೆ ನಾಲ್ಕು ಸಲ ಹೋಗಿದ್ದೆ.